ರೈಲು ಬರುವುದು ಬಸ್ಸಿನವರಿಗೆ ಗೊತ್ತಿಲ್ವಾ? ಭಾರತದ ಸಾರಿಗೆ ಸಮನ್ವಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಿನ ಜಾವ 5:40. ಬಯಲುಸೀಮೆಯ ಒಂದು ಸಣ್ಣ ರೈಲು ನಿಲ್ದಾಣ. ರಾತ್ರಿ ರೈಲಿನಿಂದ ಇಳಿದವರು ಹದಿನೈದು ಇಪ್ಪತ್ತು ಮಂದಿ ಇದ್ದೆವು. ಬಸ್ ಸ್ಟ್ಯಾಂಡ್ ಅಲ್ಲಿಂದ ಎರಡು ಕಿಲೋಮೀಟರ್. ನಮ್ಮ ಹಳ್ಳಿ ಕಡೆಯ ಮೊದಲ ಬಸ್ಸು 5:45ಕ್ಕೆ ಹೊರಡುತ್ತಿತ್ತು. ಅದು ಬಿಟ್ಟರೆ 8:15ಕ್ಕೆ. ಆಟೋದಲ್ಲಿ ಓಡಿ ಹೋದರೂ ಸ್ಟ್ಯಾಂಡಿನಲ್ಲಿ ಹೊಗೆ ಮಾತ್ರ ಉಳಿದಿತ್ತು. ಅಮ್ಮ ಹಪ್ಪಳದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸಿಮೆಂಟು ಬೆಂಚಿನ ಮೇಲೆ ಕೂತರು. "ರೈಲು ಬರೋದು ಬಸ್ಸಿನವರಿಗೆ ಗೊತ್ತಿಲ್ವೇನೋ?" ಎಂದು ಕೇಳಿದರು.

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನು 1933ರಲ್ಲಿ ಹೋಗಿ ನಿಂತೆ. ಆಮೇಲೆ ಈ ವಿಷಯ ಬಿಡಲೇ ಇಲ್ಲ. ಇದರ ಬಗ್ಗೆ ಮಾತಾಡುವಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸಾರಿಗೆ ಸಮನ್ವಯ ಅಂದರೆ ನಿಜವಾಗಿ ಏನು?

ರೈಲು, ಬಸ್ಸು, ಮೆಟ್ರೋ, ದೋಣಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಓಡುವುದು. ರೈಲು ಬಂದ ಮೇಲೆ ಬಸ್ಸು ಹೊರಡಬೇಕು. ಒಂದರಿಂದ ಇಳಿದು ಇನ್ನೊಂದನ್ನು ಹತ್ತುವ ಜಾಗ ಹತ್ತಿರ ಇರಬೇಕು. ಟಿಕೆಟ್ ಒಂದೇ ಆದರೆ ಇನ್ನೂ ಒಳ್ಳೆಯದು. ಇದರ ಹಿಂದೆ ದೊಡ್ಡದೊಂದು ಪ್ರಶ್ನೆಯೂ ಇದೆ. ಸರ್ಕಾರದ ದುಡ್ಡು ಹಳಿಗೆ ಎಷ್ಟು ಹೋಗಬೇಕು, ರಸ್ತೆಗೆ ಎಷ್ಟು, ಬಸ್ಸಿಗೆ ಎಷ್ಟು? ಅದನ್ನು ಯಾರು ಕೂತು ತೀರ್ಮಾನ ಮಾಡಬೇಕು?

ನಮ್ಮ ದೇಶದಲ್ಲಿ ಈ ಪ್ರಯತ್ನ ಶುರುವಾದದ್ದು ಯಾವಾಗ?

1930ರ ದಶಕದಲ್ಲಿ. ಆಗ ಶುರುವಾದದ್ದು ಪ್ರಯಾಣಿಕರಿಗಾಗಿ ಆಗಿರಲಿಲ್ಲ. ರೈಲ್ವೆಯ ಆದಾಯ ಉಳಿಸುವುದಕ್ಕಾಗಿ.

ಮೊದಲನೇ ಮಹಾಯುದ್ಧ ಮುಗಿದ ಮೇಲೆ ಮೋಟಾರು ಬಸ್ಸುಗಳು ಜಾಸ್ತಿಯಾದವು. ಎಷ್ಟೋ ಕಡೆ ಒಬ್ಬ ಮಾಲೀಕ, ಒಂದೇ ಬಸ್ಸು. ಎಷ್ಟೋ ಸಲ ಆ ಮಾಲೀಕನೇ ಡ್ರೈವರ್. ಕೈ ತೋರಿಸಿದಲ್ಲಿ ನಿಲ್ಲಿಸುತ್ತಿದ್ದ, ಮನೆ ಹತ್ತಿರ ಇಳಿಸುತ್ತಿದ್ದ. ಒಳ್ಳೆಯ ರಸ್ತೆಗಳಲ್ಲಿ ಬಹಳಷ್ಟು ರೈಲು ಹಳಿಯ ಪಕ್ಕದಲ್ಲೇ ಸಾಗುತ್ತಿದ್ದವು. ಹಾಗಾಗಿ ಬಸ್ಸು ಓಡಿದ್ದೂ ಅಲ್ಲಿಯೇ. ಅದರ ಮೇಲೆ ಜಗತ್ತಿನ ಆರ್ಥಿಕ ಕುಸಿತ ಬಂತು. ರೈಲ್ವೆಯಲ್ಲಿ ಸರ್ಕಾರದ ಅಪಾರ ದುಡ್ಡು ಹೂಡಿಕೆಯಾಗಿತ್ತು. ರೈಲ್ವೆಯ ಆಡಳಿತವನ್ನು ಪರಿಶೀಲಿಸಿದ್ದ ಅಕ್‌ವರ್ತ್ ಸಮಿತಿಯ ಮಾತಿನಂತೆ 1924ರಿಂದ ರೈಲ್ವೆಯ ಲೆಕ್ಕವನ್ನು ದೇಶದ ಬಜೆಟ್ಟಿನಿಂದ ಬೇರೆ ಮಾಡಿದ್ದರು. ಆದಾಯ ಕುಸಿದಾಗ ಎಲ್ಲರ ಕಣ್ಣು ಬಸ್ಸಿನ ಮೇಲೆ ಬಿತ್ತು.

1932ರಲ್ಲಿ ಸರ್ಕಾರ ಇಬ್ಬರು ಅಧಿಕಾರಿಗಳನ್ನು ನೇಮಿಸಿತು. ರಸ್ತೆ ಕಡೆಯಿಂದ ಮಿಚೆಲ್, ರೈಲ್ವೆ ಕಡೆಯಿಂದ ಕರ್ಕ್‌ನೆಸ್. ರಸ್ತೆಗೂ ಹಳಿಗೂ ಇರುವ ಪೈಪೋಟಿ ಎಷ್ಟು ಎಂದು ಅವರು ಪ್ರಾಂತ್ಯ ಪ್ರಾಂತ್ಯ ಸುತ್ತಿ ಲೆಕ್ಕ ಹಾಕಿದರು. 1933ರಲ್ಲಿ ಅವರ ವರದಿ ಬಂತು. ಅದೇ ವರ್ಷ ಸಿಮ್ಲಾದಲ್ಲಿ ರಸ್ತೆ–ರೈಲು ಸಮ್ಮೇಳನ ನಡೆಯಿತು. 1935ರಲ್ಲಿ ಕೇಂದ್ರ ಮತ್ತು ಪ್ರಾಂತ್ಯಗಳ ನಡುವೆ ಮಾತುಕತೆಗೆ ಸಾರಿಗೆ ಸಲಹಾ ಮಂಡಳಿಯೂ ಬಂತು. 1936–37ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ರೈಲು ಕಂಪನಿಯ ಮುಖ್ಯಸ್ಥ ರಾಲ್ಫ್ ವೆಜ್‌ವುಡ್ ಅವರ ಸಮಿತಿ ಇಲ್ಲಿಗೆ ಬಂದು ಅದೇ ವಿಷಯ ನೋಡಿತು. ರಸ್ತೆ ಸಾರಿಗೆಗೆ ಕಡಿವಾಣ ಬೇಕು ಎಂದಿತು. ರೈಲ್ವೆಯೂ ತನ್ನ ಸೇವೆ ಸುಧಾರಿಸಿಕೊಳ್ಳಬೇಕು, ಬೇಕಾದರೆ ತಾನೇ ಬಸ್ಸು ಓಡಿಸಲಿ ಎಂದೂ ಹೇಳಿತು.

ಹೀಗೆ 'ಸಮನ್ವಯ' ಎಂಬ ಮಾತು ನಮ್ಮ ಸರ್ಕಾರಿ ಕಡತಕ್ಕೆ ಬಂದದ್ದೇ 'ಬಸ್ಸಿಗೆ ಬೇಲಿ' ಎಂಬ ಅರ್ಥದಲ್ಲಿ. ಇಳಿದು ಹತ್ತುವವರ ಕಷ್ಟ ಅಲ್ಲಿನ ಮುಖ್ಯ ವಿಷಯ ಆಗಿರಲೇ ಇಲ್ಲ. ಮುಂದಿನ ಎಷ್ಟೋ ವರ್ಷ ಆ ಮಾತಿಗೆ ಇದೇ ಅರ್ಥ ಅಂಟಿಕೊಂಡಿತು. ಈ ಇಡೀ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ.

ಪರ್ಮಿಟ್, ಆರ್‌ಟಿಎ ಇವೆಲ್ಲ ಆಗಲೇ ಬಂದದ್ದಾ?

ಹೌದು. 1914ರ ಹಳೆ ಮೋಟಾರು ಕಾಯ್ದೆಯ ಜಾಗಕ್ಕೆ 1939ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಬಂತು. ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳು, ಅಂದರೆ ಆರ್‌ಟಿಎಗಳು, ಹುಟ್ಟಿದವು. ಯಾವ ರೂಟಿನಲ್ಲಿ ಯಾರು ಬಸ್ಸು ಓಡಿಸಬಹುದು, ಎಷ್ಟು ಟ್ರಿಪ್, ಯಾವ ವೇಳೆಗೆ ಎನ್ನುವುದಕ್ಕೆಲ್ಲ ಪರ್ಮಿಟ್ ಬೇಕಾಯಿತು. ಇವತ್ತಿಗೂ ಬಸ್ಸಿನ ಕಾಗದದಲ್ಲಿ 'ಸ್ಟೇಜ್ ಕ್ಯಾರೇಜ್' (ದಾರಿಯಲ್ಲಿ ಜನರನ್ನು ಹತ್ತಿಸಿ ಇಳಿಸುತ್ತಾ ಹೋಗುವ ಬಸ್ಸು) ಎಂದು ಬರೆದಿರುತ್ತದಲ್ಲ, ಆ ಪದ ಇಂಥ ಕಾನೂನುಗಳ ಭಾಷೆ. 1945ರಲ್ಲಿ ಲಾರಿಗಳಿಗೂ ಒಂದು ನಿಯಮಾವಳಿ ಬಂತು. ದೂರದ ಸರಕು ರೈಲಿಗೆ, ಹತ್ತಿರದ್ದು ಲಾರಿಗೆ ಎನ್ನುವುದು ಅದರ ಸಾರ.

ಪರ್ಮಿಟ್ ಕೊಡುವ ಕಚೇರಿಗೆ ಬಸ್ಸಿನ ವೇಳೆ ನಿಗದಿ ಮಾಡುವ ಅಧಿಕಾರ ಇತ್ತು. ಅದನ್ನು ರೈಲಿನ ವೇಳೆಗೆ ಹೊಂದಿಸಿಯೂ ಬಳಸಬಹುದಿತ್ತು. ಆದರೆ ಆ ಅಧಿಕಾರ ಹೆಚ್ಚಾಗಿ ಬಳಕೆಯಾದದ್ದು ಒಂದು ಬಸ್ಸಿನವನಿಗೂ ಇನ್ನೊಂದು ಬಸ್ಸಿನವನಿಗೂ ಜಗಳ ಬರದಂತೆ ನೋಡಿಕೊಳ್ಳಲು.

ಎಲ್ಲ ಸಾರಿಗೆಯೂ ಒಂದೇ ಇಲಾಖೆಯಲ್ಲಿ ಇದ್ದ ಕಾಲ ಇತ್ತಾ?

ಇತ್ತು, ಒಂದೇ ಸಲ ಅಲ್ಲ. 1937ರಲ್ಲಿ ದೆಹಲಿಯಲ್ಲಿ 'ಸಂಪರ್ಕ ಇಲಾಖೆ' ಎಂದು ಒಂದನ್ನು ಮಾಡಿ ರೈಲು, ರಸ್ತೆ, ಬಂದರು, ವಿಮಾನ, ಅಂಚೆ ಎಲ್ಲವನ್ನೂ ಅದರ ಕೆಳಗೆ ತಂದರು. ಎರಡನೇ ಮಹಾಯುದ್ಧದ ನಡುವೆ ಅದನ್ನು ಒಡೆದರು. ಯುದ್ಧ ಸಾರಿಗೆ ಒಂದು ಕಡೆ, ಅಂಚೆ ಮತ್ತು ವಿಮಾನ ಇನ್ನೊಂದು ಕಡೆ.

ಸ್ವಾತಂತ್ರ್ಯ ಬಂದ ಮೇಲೆ 1952ರಿಂದ 1956ರವರೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ರೈಲ್ವೆ ಮತ್ತು ಸಾರಿಗೆ ಎರಡನ್ನೂ ನೋಡಿಕೊಂಡರು. ಆಮೇಲೆ ಮತ್ತೆ ಬೇರೆ. 1985ರ ಸೆಪ್ಟೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ರೈಲ್ವೆ, ವಿಮಾನಯಾನ, ಭೂ ಮತ್ತು ಜಲ ಸಾರಿಗೆ ಮೂರನ್ನೂ ಸೇರಿಸಿ ಒಂದೇ ಸಾರಿಗೆ ಸಚಿವಾಲಯ ಮಾಡಿತು. ಒಳ್ಳೆಯ ಯೋಚನೆ. ಆದರೆ 1986ರ ಅಕ್ಟೋಬರಿನಲ್ಲಿ ಅದನ್ನೂ ಬಿಡಿಸಿದರು. ಒಂದು ವರ್ಷ ಮತ್ತೊಂದು ತಿಂಗಳು ಬಾಳಿತು, ಅಷ್ಟೇ. ಹಡಗು ಮತ್ತು ಹೆದ್ದಾರಿಗಳ ಕಥೆ ಕೇಳಿ: 2000ದಲ್ಲಿ ಬೇರೆ, 2004ರಲ್ಲಿ ಮತ್ತೆ ಜೊತೆ, 2009ರಲ್ಲಿ ಮತ್ತೆ ಬೇರೆ.

ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ರೈಲು ಅಪಘಾತ ಆದಾಗ ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯುಕ್ತರು ಬರುವುದು ವಿಮಾನಯಾನ ಸಚಿವಾಲಯದ ಕೆಳಗೆ. ರೈಲು ಓಡಿಸುವವರೇ ತಪ್ಪನ್ನೂ ಪರೀಕ್ಷೆ ಮಾಡಬಾರದು ಎಂದು 1941ರಲ್ಲಿ ಇವರನ್ನು ರೈಲ್ವೆ ಮಂಡಳಿಯ ಹಿಡಿತದಿಂದ ಬಿಡಿಸಿದರು. ಆಗ ಹೋಗಿ ಸೇರಿದ್ದು ವಿಮಾನದ ಕಡೆ, ಈಗಲೂ ಅಲ್ಲೇ ಇದ್ದಾರೆ. ಇದು ಒಳ್ಳೆಯದೇ ಆಯಿತು ಎಂದು ನನ್ನ ಅನಿಸಿಕೆ. ಎಲ್ಲವನ್ನೂ ಒಂದೇ ಸೂರಿನಡಿ ತರಬೇಕು ಎಂದು ಹಟ ಹಿಡಿದವರು ಇದನ್ನು ನೆನಪಿಡಬೇಕು. ಓಡಿಸುವವರು ಒಂದಾಗಲಿ, ತಪ್ಪು ಹಿಡಿಯುವವರು ಬೇರೆಯೇ ಇರಲಿ.

ಸರ್ಕಾರಿ ಬಸ್ ನಿಗಮಗಳಿಗೂ ರೈಲ್ವೆಗೂ ಸಂಬಂಧ ಇತ್ತಂತೆ, ನಿಜವಾ?

ನಿಜ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಹಿಂದಿನ ಯೋಚನೆಯೇ ಅದು. ರಾಜ್ಯಗಳು ಬಸ್ ನಿಗಮ ಕಟ್ಟಲಿ, ಬಂಡವಾಳದಲ್ಲಿ ರಾಜ್ಯ ಎರಡು ಪಾಲು ಹಾಕಲಿ, ಕೇಂದ್ರ ರೈಲ್ವೆಯ ಮೂಲಕ ಒಂದು ಪಾಲು ಹಾಕಲಿ ಎಂದು ಮಾಡಿಕೊಂಡರು. ರೈಲ್ವೆಯವರೂ ಪಾಲುದಾರರಾದರೆ ಬಸ್ಸಿಗೂ ರೈಲಿಗೂ ಪೈಪೋಟಿ ಇರುವುದಿಲ್ಲ, ಒಂದೇ ಟೇಬಲ್ಲಿನಲ್ಲಿ ಕೂತು ಮಾತಾಡುತ್ತಾರೆ ಎನ್ನುವ ಲೆಕ್ಕಾಚಾರ. ಎಂಥ ಒಳ್ಳೆಯ ಅವಕಾಶ, ಅಲ್ವಾ? 1980ರ ದಶಕ ಮುಗಿಯುವ ಹೊತ್ತಿಗೆ ಕೇಂದ್ರದ ಪಾಲು ಬರುವುದು ನಿಂತುಹೋಯಿತು. ಆ ಟೇಬಲ್ಲಿನ ಮಾತುಕತೆಯೂ ವೇಳಾಪಟ್ಟಿಯವರೆಗೆ ಇಳಿದು ಬರಲಿಲ್ಲ.

ನಮ್ಮ ಕಡೆ ಇದಕ್ಕೊಂದು ಹಿಂದಿನ ಕಥೆಯೂ ಇದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ರೈಲ್ವೆ ಇತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನೂ ಶುರು ಮಾಡಿತು. ಅಂದರೆ ಒಂದೂವರೆ ವರ್ಷದಷ್ಟು ಕಾಲ ರೈಲೂ ಬಸ್ಸೂ ಒಂದೇ ಸರ್ಕಾರದ ಕೈಯಲ್ಲಿದ್ದವು. 1950ರಲ್ಲಿ ಮೈಸೂರು ರೈಲ್ವೆ ಕೇಂದ್ರಕ್ಕೆ ಹೋಯಿತು. 1951ರಲ್ಲಿ ಹೊಸದಾಗಿ ಹುಟ್ಟಿದ ದಕ್ಷಿಣ ರೈಲ್ವೆಯಲ್ಲಿ ಸೇರಿತು. ಬಸ್ಸು ಇಲ್ಲೇ ಉಳಿದು 1961ರ ಆಗಸ್ಟ್ 1ರಂದು ನಿಗಮ ಆಯಿತು. ಅದೇ ಮುಂದೆ ಕೆಎಸ್‌ಆರ್‌ಟಿಸಿ. ಹಳಿಯ ತೀರ್ಮಾನ ಒಂದು ಕಡೆ, ಬಸ್ಸಿನ ತೀರ್ಮಾನ ಇನ್ನೊಂದು ಕಡೆ ಆದದ್ದು ಹೀಗೆ.

ರೈಲ್ವೆಯನ್ನು ದೇಶಕ್ಕೆಲ್ಲ ಒಂದು ಮಾಡಿದ್ದು ತಪ್ಪು ಎನ್ನುವುದಿಲ್ಲ. ಸಂಸ್ಥಾನಕ್ಕೊಂದು ರೈಲ್ವೆ ಇಟ್ಟುಕೊಂಡು ದೇಶ ನಡೆಯುತ್ತಿರಲಿಲ್ಲ. ಆದರೆ ದೂರದ ಜೋಡಣೆ ಗಟ್ಟಿಯಾಗುವಾಗ ಊರೊಳಗಿನ ಜೋಡಣೆ ಸಡಿಲವಾಯಿತು. ಅದನ್ನು ಆಮೇಲೆ ಯಾರೂ ಹೊಲಿಯಲಿಲ್ಲ.

ಸಂವಿಧಾನದ ಪ್ರಕಾರ ಇದು ಯಾರ ಕೆಲಸ?

ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ, ರಾಷ್ಟ್ರೀಯ ಹೆದ್ದಾರಿಯೂ ಅಲ್ಲೇ. ಉಳಿದ ರಸ್ತೆಗಳು ಮತ್ತು ಊರಿನ ಟ್ರಾಮ್ ರಾಜ್ಯದ ಪಟ್ಟಿಯಲ್ಲಿ. ಮೋಟಾರು ವಾಹನ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿ. 'ನಗರ ಸಾರಿಗೆ' ಎಂಬ ಹೆಸರು ಮೂರೂ ಪಟ್ಟಿಯಲ್ಲಿ ಇಲ್ಲ. 1986ರಲ್ಲಿ ಕೇಂದ್ರ ಅದನ್ನು ನಗರಾಭಿವೃದ್ಧಿ ಸಚಿವಾಲಯಕ್ಕೆ ವಹಿಸಿತು. ಹಾಗಾಗಿ ಇವತ್ತು ನಮ್ಮ ಮೆಟ್ರೋಗಳು ಆ ಸಚಿವಾಲಯದ ಕಡೆ ನೋಡುತ್ತವೆ. 1984ರಲ್ಲಿ ಶುರುವಾದ ಕೋಲ್ಕತ್ತ ಮೆಟ್ರೋ ಮಾತ್ರ ರೈಲ್ವೆಯ ಕೈಯಲ್ಲೇ ಇದೆ.

ಸ್ವಾತಂತ್ರ್ಯ ಬಂದ ಮೇಲೆ ಎಷ್ಟು ಸಮಿತಿಗಳು ಬಂದವು? ಏನು ಹೇಳಿದವು?

ದೊಡ್ಡವು ಮೂರು.

ಮೊದಲನೆಯದು 1959ರ ಸಾರಿಗೆ ನೀತಿ ಮತ್ತು ಸಮನ್ವಯ ಸಮಿತಿ. ಎರಡನೇ ಪಂಚವಾರ್ಷಿಕ ಯೋಜನೆಯ ಕಾಲ ಅದು. ಉಕ್ಕಿನ ಕಾರ್ಖಾನೆಗಳು ಏಳುತ್ತಿದ್ದವು, ಕಲ್ಲಿದ್ದಲು ಸಾಗಿಸಲು ವ್ಯಾಗನ್ನುಗಳು ಸಾಲುತ್ತಿರಲಿಲ್ಲ. ಹತ್ತಾರು ವರ್ಷ ಲಾರಿಯನ್ನು ತಡೆದು ರೈಲನ್ನು ಕಾಪಾಡಿದ್ದರು. ಈಗ ನೋಡಿದರೆ ರೈಲಿಗೇ ಹೊರೆ ತಡೆಯಲಾಗುತ್ತಿಲ್ಲ! ಅದೇ ವರ್ಷ ಮೀನೂ ಮಸಾನಿ ಅವರ ನೇತೃತ್ವದ ಇನ್ನೊಂದು ಸಮಿತಿ ರಸ್ತೆ ಸಾರಿಗೆಯ ಕಟ್ಟುಗಳನ್ನು ಸಡಿಲಿಸಿ ಎಂದಿತು. ಸಮನ್ವಯ ಸಮಿತಿಗೆ ಮೊದಲು ಕೆ.ಸಿ. ನಿಯೋಗಿ ಅಧ್ಯಕ್ಷರು, ಆಮೇಲೆ ಯೋಜನಾ ಆಯೋಗದ ತರ್ಲೋಕ್ ಸಿಂಗ್. 1961ರಲ್ಲಿ ಮೊದಲ ವರದಿ, 1966ರಲ್ಲಿ ಕೊನೆಯದು. ಏಳು ವರ್ಷ ಹಿಡಿಯಿತು. ಆದರೆ ಒಂದು ಮುಖ್ಯ ಮಾತು ಹೇಳಿತು. ಯಾವ ಸಾರಿಗೆ ಯಾವ ಕೆಲಸಕ್ಕೆ ಎನ್ನುವುದನ್ನು ಒಂದು ಇಲಾಖೆಯ ಲಾಭನಷ್ಟದಿಂದ ತೂಗಬೇಡಿ, ಇಡೀ ಸಮಾಜಕ್ಕೆ ಬೀಳುವ ಖರ್ಚಿನಿಂದ ತೂಗಿ. 1933ರ ಯೋಚನೆಗಿಂತ ಇದು ಎಷ್ಟೋ ಮುಂದೆ ಬಂದಿತ್ತು.

ಎರಡನೆಯದು 1978ರಲ್ಲಿ ಬಂದ ರಾಷ್ಟ್ರೀಯ ಸಾರಿಗೆ ನೀತಿ ಸಮಿತಿ. ಹಿಂದೆ ಸಂಪುಟ ಕಾರ್ಯದರ್ಶಿಯಾಗಿದ್ದ ಬಿ.ಡಿ. ಪಾಂಡೆ ಅಧ್ಯಕ್ಷರು. 1973ರಲ್ಲಿ ತೈಲದ ಬೆಲೆ ಒಮ್ಮೆ ಏರಿತ್ತು, ಸಮಿತಿ ಕೂತಿದ್ದಾಗಲೇ 1979ರಲ್ಲಿ ಮತ್ತೆ ಏರಿತು. 1980ರಲ್ಲಿ ಬಂದ ವರದಿಯಲ್ಲಿ ಇಂಧನದ ಚಿಂತೆ ಜಾಸ್ತಿ ಇತ್ತು. ಒಂದೇ ಟನ್ ಸರಕನ್ನು ಲಾರಿಯಲ್ಲಿ ಸಾಗಿಸುವುದಕ್ಕಿಂತ ರೈಲಿನಲ್ಲಿ ಸಾಗಿಸಿದರೆ ಎಣ್ಣೆ ಉಳಿಯುತ್ತದೆ, ಆದ್ದರಿಂದ ಹಳಿಗೆ ಒತ್ತು ಕೊಡಿ ಎನ್ನುವುದು ಅದರ ವಾದ. ನಡೆದದ್ದು ಬೇರೆ. 1950ರ ಹೊತ್ತಿಗೆ ದೇಶದ ಸರಕು ಸಾಗಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ರೈಲಿನದಾಗಿತ್ತು. ಈ ಶತಮಾನದಲ್ಲಿ ಅದು ಮೂರನೇ ಒಂದರ ಆಸುಪಾಸಿಗೆ ಇಳಿಯಿತು.

ಮೂರನೆಯದು 2010ರಲ್ಲಿ ರಾಕೇಶ್ ಮೋಹನ್ ಅಧ್ಯಕ್ಷತೆಯಲ್ಲಿ ಶುರುವಾದ ರಾಷ್ಟ್ರೀಯ ಸಾರಿಗೆ ಅಭಿವೃದ್ಧಿ ನೀತಿ ಸಮಿತಿ. 2014ರಲ್ಲಿ ವರದಿ ಕೊಟ್ಟಿತು. 2032ರವರೆಗಿನ ಇಪ್ಪತ್ತು ವರ್ಷದ ನೋಟ ಅದರಲ್ಲಿದೆ. ಕೇಂದ್ರದಲ್ಲಿ ಒಂದೇ ಸಾರಿಗೆ ಸಚಿವಾಲಯ ಬರಲಿ, ಜೊತೆಗೆ ಕೇಂದ್ರ, ರಾಜ್ಯ, ಮಹಾನಗರ ಮೂರೂ ಹಂತದಲ್ಲಿ ಸಾರಿಗೆ ಕಾರ್ಯತಂತ್ರದ ಕಚೇರಿಗಳು ಇರಲಿ ಎಂದು ಹೇಳಿತು. ಮೂರರಲ್ಲಿ ಒಂದನ್ನೇ ಓದುವಷ್ಟು ಬಿಡುವು ನಿಮಗಿದ್ದರೆ ಇದನ್ನು ಓದಿ.

ಈ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ನನಗೆ ಬೇಸರವೇ ಆಯಿತು. ಐವತ್ತು ವರ್ಷದ ಅಂತರದಲ್ಲಿ ಜಾಣ ಜನ ಬಂದು ಅದದೇ ಮಾತನ್ನು ಹೇಳಿದ್ದಾರೆ: ಸಾರಿಗೆಯನ್ನು ತುಂಡು ತುಂಡಾಗಿ ನೋಡಬೇಡಿ. ಸಲಹೆಗೆ ಎಂದೂ ಬರ ಇರಲಿಲ್ಲ. ಇಬ್ಬರು ಸಚಿವರ ಜಗಳವನ್ನು ಬಿಡಿಸಿ, ದುಡ್ಡನ್ನು ಇಲ್ಲಿಂದ ಅಲ್ಲಿಗೆ ತಿರುಗಿಸುವ ಅಧಿಕಾರ ಇರುವ ಕುರ್ಚಿ ಮಾತ್ರ ಯಾವತ್ತೂ ಹುಟ್ಟಲಿಲ್ಲ.

ಸ್ಪರ್ಧೆ ಇದ್ದರೆ ಸಾಕಲ್ವಾ? ಖಾಸಗಿ ಬಸ್ಸು ಚೆನ್ನಾಗಿಯೇ ಓಡುತ್ತದಲ್ಲ?

ಕೆಲವು ಕಡೆ ನಿಜವಾಗಿಯೂ ಚೆನ್ನಾಗಿ ಓಡುತ್ತದೆ. ಮಂಗಳೂರು, ಉಡುಪಿ ಕಡೆ ನಿಮಿಷ ನಿಮಿಷಕ್ಕೆ ಬಸ್ಸು ಹತ್ತಿದವರಿಗೆ ಇದು ಗೊತ್ತು. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಪರ್ಮಿಟ್ ಸಿಗುವುದು ಮೊದಲಿಗಿಂತ ಸುಲಭವಾಯಿತು. ಅದರಿಂದ ಬಸ್ಸುಗಳು ಹೆಚ್ಚಿದವು. ಆದರೆ ಸ್ಪರ್ಧೆ ಜನ ಜಾಸ್ತಿ ಇರುವ ರೂಟಿಗೆ ಬಸ್ಸು ತರುತ್ತದೆ. ರಾತ್ರಿ ಒಂಬತ್ತರ ರೈಲಿಗೆ ಕಾದು ನಾಲ್ಕೇ ಜನರನ್ನು ಹಳ್ಳಿಗೆ ಒಯ್ಯುವ ಬಸ್ಸನ್ನು ತರುವುದಿಲ್ಲ. ಅದನ್ನು ಯಾರಾದರೂ ಓಡಿಸಲೇಬೇಕು, ಅದರ ನಷ್ಟವನ್ನು ಯಾರಾದರೂ ತುಂಬಲೇಬೇಕು.

2006ರ ನಗರ ಸಾರಿಗೆ ನೀತಿಯನ್ನು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಏನಿದೆ?

ಹೊಗಳುವಂಥದ್ದು ಇದೆ. ವಾಹನಗಳಿಗಿಂತ ಜನರನ್ನು ಸಾಗಿಸುವುದು ಮುಖ್ಯ ಎಂದು ಕೇಂದ್ರ ಸರ್ಕಾರ ತನ್ನ ನೀತಿಯಲ್ಲಿ ಬರೆಯಿತು. ಒಂದು ಬಸ್ಸಿನಲ್ಲಿ ಐವತ್ತು ಜನ, ಒಂದು ಕಾರಿನಲ್ಲಿ ಒಬ್ಬರು. ಹಾಗಿದ್ದರೆ ರಸ್ತೆಯ ಜಾಗ ಯಾರಿಗೆ ಜಾಸ್ತಿ ಸಿಗಬೇಕು? ನಡೆಯುವವರಿಗೂ ಸೈಕಲ್ಲಿನವರಿಗೂ ರಸ್ತೆಯಲ್ಲಿ ಹಕ್ಕಿದೆ ಎಂದೂ ಹೇಳಿತು. ಎಪ್ಪತ್ತು ವರ್ಷದ ಕಥೆಯಲ್ಲಿ ಪ್ರಯಾಣಿಕರು ನಡುಮನೆಗೆ ಬಂದದ್ದು ಆಗಲೇ.

ದುಡ್ಡೂ ಬಂತು. 2005ರ ಡಿಸೆಂಬರಿನಲ್ಲಿ ಶುರುವಾಗಿದ್ದ ನೆಹರೂ ನಗರ ನವೀಕರಣ ಯೋಜನೆಯಡಿ 2009ರಿಂದ ನಗರಗಳಿಗೆ ಸುಮಾರು 15 ಸಾವಿರ ಬಸ್ಸುಗಳು ಮಂಜೂರಾದವು. ಎಷ್ಟೋ ಊರುಗಳು ಸಿಟಿ ಬಸ್ಸು ಕಂಡದ್ದೇ ಹಾಗೆ. ಹುಬ್ಬಳ್ಳಿ–ಧಾರವಾಡದಲ್ಲಿ 2018ರಲ್ಲಿ ಓಡಲು ಶುರುವಾದ ಬಿಆರ್‌ಟಿಎಸ್ ಕೂಡ ಇದೇ ಯೋಚನೆಯ ಮುಂದುವರಿಕೆ. ಬಸ್ಸಿಗೇ ಬೇರೆ ದಾರಿ, ನೆಲದಿಂದ ಎತ್ತರದ ನಿಲ್ದಾಣ, ಹತ್ತುವ ಮೊದಲೇ ಟಿಕೆಟ್. ಅದರ ಬಗ್ಗೆ ದೂರುಗಳೂ ಇವೆ. ಆದರೆ ಬಸ್ಸಿನಲ್ಲಿ ಕೂತವರ ಸಮಯಕ್ಕೂ ಬೆಲೆ ಇದೆ ಎಂದು ರಸ್ತೆಯ ಮೇಲೆ ಗೆರೆ ಎಳೆದು ತೋರಿಸಿದ್ದು ಸಣ್ಣ ಕೆಲಸ ಅಲ್ಲ.

ಮಹಾನಗರಕ್ಕೊಂದು ಸಾರಿಗೆ ಪ್ರಾಧಿಕಾರ ಅಂತಾರಲ್ಲ, ಅದು ಏನಾಯಿತು?

ಬಸ್ಸಿಗೆ ದುಡ್ಡು ಬೇಕಿದ್ದರೆ ಎಲ್ಲವನ್ನೂ ಕೂಡಿಸಿ ನೋಡುವ ಒಂದು ಪ್ರಾಧಿಕಾರ ಮಾಡಿ ಎಂದು ಕೇಂದ್ರ ಷರತ್ತು ಹಾಕಿತು. ರಾಜ್ಯಗಳು ಮಾಡಿದವು. ಆದರೆ ಹೆಚ್ಚಿನವು ಆದೇಶದ ಕಾಗದದಲ್ಲಿ ಮಾತ್ರ ಹುಟ್ಟಿದವು. ಕಾನೂನಿನ ಬಲ ಇಲ್ಲ, ಸ್ವಂತ ದುಡ್ಡಿಲ್ಲ, ಪೂರ್ತಿ ಸಮಯದ ಸಿಬ್ಬಂದಿ ಇಲ್ಲ. ಚೆನ್ನೈಗಾಗಿ ತಮಿಳುನಾಡು 2010ರಲ್ಲೇ ಕಾನೂನು ಮಾಡಿತು. ಅದರ ಪ್ರಾಧಿಕಾರದ ಮೊದಲ ಸಭೆ ನಡೆದದ್ದು 2022ರಲ್ಲಿ. 2017ರ ಮೆಟ್ರೋ ನೀತಿ ಇದೇ ಷರತ್ತನ್ನು ಮತ್ತೆ ಹಾಕಿತು. ಮೆಟ್ರೋಗೆ ಕೇಂದ್ರದ ನೆರವು ಬೇಕಿದ್ದರೆ ಇಂಥ ಪ್ರಾಧಿಕಾರ ಬೇಕು, ನಿಲ್ದಾಣಕ್ಕೆ ಬಂದು ಹೋಗುವ ಫೀಡರ್ ಬಸ್ಸಿನ ಯೋಜನೆಯೂ ಬೇಕು ಎಂದಿತು.

ಕರ್ನಾಟಕದಲ್ಲಿ 2007ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಬಂತು. ಬೆಂಗಳೂರಿಗಾಗಿ 2022ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆ ಪಾಸಾಯಿತು. ಮುಖ್ಯಮಂತ್ರಿಯೇ ಅದಕ್ಕೆ ಅಧ್ಯಕ್ಷರು. ಕಾನೂನಿನ ಬಲ ಇರುವುದರಿಂದ ಇದರ ಮೇಲೆ ನನಗೆ ಆಸೆ ಇದೆ.

ಇದು ಯಾಕೆ ಬೇಕು ಎಂದು ನೋಡಬೇಕಿದ್ದರೆ ಮೆಜೆಸ್ಟಿಕ್ಕಿಗೆ ಹೋಗಿ ನಿಲ್ಲಿ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಬಸ್ ನಿಲ್ದಾಣ ಇದೆ. ಎದುರಿಗೆ ರೈಲು ನಿಲ್ದಾಣ. ನೆಲದ ಕೆಳಗೆ ಎರಡು ಮೆಟ್ರೋ ಮಾರ್ಗಗಳು ಸೇರುತ್ತವೆ. ಕಲ್ಲೆಸೆಯುವ ದೂರದಲ್ಲಿ ಎಲ್ಲ ಸಾರಿಗೆಯೂ ಇದೆ. ರೈಲು ಕೇಂದ್ರದ್ದು, ಬಸ್ಸು ರಾಜ್ಯದ ನಿಗಮಗಳದ್ದು, ಮೆಟ್ರೋ ಎರಡೂ ಸರ್ಕಾರಗಳ ಜಂಟಿ ಕಂಪನಿಯದ್ದು, ಸುತ್ತಲಿನ ಫುಟ್‌ಪಾತ್ ನಗರಾಡಳಿತದ್ದು. ಒಂದು ಸೂಟ್‌ಕೇಸ್ ಎಳೆದುಕೊಂಡು ರೈಲಿನಿಂದ ಸಿಟಿ ಬಸ್ಸಿಗೆ ಹೋಗುವಷ್ಟರಲ್ಲಿ ನೀವು ಇಷ್ಟೂ ಮಂದಿಯ ಗಡಿ ದಾಟಿರುತ್ತೀರಿ.

ಬೆಂಗಳೂರಿನ ಉಪನಗರ ರೈಲಿಗೂ ಇದೇ ಮಾತು. 148 ಕಿಲೋಮೀಟರಿನ ಆ ಯೋಜನೆಗೆ 2020ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ರಾಜ್ಯವೂ ರೈಲ್ವೆಯೂ ಸೇರಿ ಕಟ್ಟಿದ ಕೆ–ರೈಡ್ ಅದನ್ನು ನೋಡಿಕೊಳ್ಳುತ್ತಿದೆ. ಅದು ಓಡುವ ದಿನ ಹೊರಗೆ ಬಸ್ಸು ಕಾದು ನಿಂತಿರಬೇಕು. ನಿಲ್ದಾಣದ ನಕ್ಷೆ ಬರೆಯುವಾಗಲೇ ಬಸ್ಸಿಗೆ ಜಾಗ ಬಿಡಬೇಕು.

ಒಂದೇ ಕಾರ್ಡ್ ಬಂದಿದೆಯಲ್ಲ, ಇನ್ನೇನು ಬೇಕು?

2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಸಾಮಾನ್ಯ ಮೊಬಿಲಿಟಿ ಕಾರ್ಡ್ ಬಿಡುಗಡೆಯಾಯಿತು. ಒಂದೇ ಕಾರ್ಡಿನಲ್ಲಿ ಯಾವ ಊರಿನ ಮೆಟ್ರೋ, ಬಸ್ಸು ಬೇಕಾದರೂ ಹತ್ತಬಹುದು ಎನ್ನುವುದು ಆಸೆ. ಬೆಂಗಳೂರಿನ 'ನಮ್ಮ ಮೆಟ್ರೋ' 2023ರಿಂದ ಅದನ್ನು ಕೊಡುತ್ತಿದೆ. ಚಿಲ್ಲರೆ ತಾಪತ್ರಯ ತಪ್ಪುತ್ತದೆ, ಒಳ್ಳೆಯದೇ. ಆದರೆ ಕಾರ್ಡ್ ಒಂದಾದರೆ ದರ ಒಂದಾಗುವುದಿಲ್ಲ. ಬಸ್ಸಿನಿಂದ ಇಳಿದು ಮೆಟ್ರೋ ಹತ್ತಿದರೆ ಎರಡು ಟಿಕೆಟ್ಟಿನ ದುಡ್ಡು ಕಡಿತವಾಗುತ್ತದೆ. ಪಯಣಕ್ಕೊಂದು ದರ ಆಗಬೇಕಿದ್ದರೆ ಇಬ್ಬರೂ ಕೂತು ಆದಾಯ ಹಂಚಿಕೊಳ್ಳಬೇಕು.

ಗತಿಶಕ್ತಿ ಯೋಜನೆ ಇದನ್ನೇ ಮಾಡುತ್ತಿಲ್ವಾ?

ಸ್ವಲ್ಪ ಮಟ್ಟಿಗೆ. 2021ರ ಅಕ್ಟೋಬರಿನಲ್ಲಿ ಶುರುವಾದ ಗತಿಶಕ್ತಿಯಲ್ಲಿ ಬೇರೆ ಬೇರೆ ಸಚಿವಾಲಯಗಳು ತಮ್ಮ ಯೋಜನೆಗಳನ್ನು ಒಂದೇ ಡಿಜಿಟಲ್ ನಕ್ಷೆಯ ಮೇಲೆ ಇಡುತ್ತವೆ. ರಸ್ತೆ ಹಾಕಿದ ಮರುವಾರವೇ ಪೈಪಿಗೆ ಅಗೆಯುವುದು ತಪ್ಪಲಿ ಎನ್ನುವುದು ಉದ್ದೇಶ. ಇದು ಕಟ್ಟುವ ಕೆಲಸದ ಸಮನ್ವಯ, ಅದರಲ್ಲೂ ಸರಕು ಸಾಗಣೆಗೆ ಒತ್ತು ಜಾಸ್ತಿ. ನಿಮ್ಮೂರಿನ ಬಸ್ಸಿನ ವೇಳೆ ಆ ನಕ್ಷೆಗೆ ಕಾಣುವುದಿಲ್ಲ. 2017ರಲ್ಲಿ ರೈಲ್ವೆ ಬಜೆಟ್ ಮತ್ತೆ ಮುಖ್ಯ ಬಜೆಟ್ಟಿಗೆ ಸೇರಿದ್ದನ್ನೂ ಇಲ್ಲೇ ನೆನೆಯಬಹುದು. 1924ರಲ್ಲಿ ಎಳೆದ ಗೆರೆ ಅಳಿಸಲು ತೊಂಬತ್ತಮೂರು ವರ್ಷ ಬೇಕಾಯಿತು.

ಬೇರೆ ದೇಶಗಳಲ್ಲಿ ಹೇಗೆ ಮಾಡಿದರು?

ಎರಡು ಉದಾಹರಣೆ ಸಾಕು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲಿ ರೈಲು, ಬಸ್ಸು, ದೋಣಿ ಓಡಿಸುವವರು ಒಂದು ಒಕ್ಕೂಟ ಕಟ್ಟಿಕೊಂಡರು. ಕಂಪನಿಗಳು ಬೇರೆ ಬೇರೆಯಾಗಿಯೇ ಉಳಿದವು. ಟಿಕೆಟ್ ಮತ್ತು ವೇಳಾಪಟ್ಟಿ ಮಾತ್ರ ಒಂದಾದವು.

ಸ್ವಿಟ್ಜರ್ಲೆಂಡ್‌ನವರು 1982ರಲ್ಲಿ ಇಡೀ ದೇಶಕ್ಕೆ ಗಂಟೆಗೊಂದು ರೈಲಿನ ವೇಳಾಪಟ್ಟಿ ತಂದರು. ಪ್ರತಿ ಗಂಟೆಯ ಅದೇ ನಿಮಿಷಕ್ಕೆ ರೈಲು. ಹಾಗಾದರೆ ಹಳ್ಳಿಗೆ ಹೋಗುವ ಅಂಚೆ ಬಸ್ಸನ್ನೂ ಹೊಂದಿಸುವುದು ಸುಲಭ. 1987ರಲ್ಲಿ ಮತ ಹಾಕಿ ಜನ ಇದರ ವಿಸ್ತರಣೆಗೆ ಒಪ್ಪಿಗೆ ಕೊಟ್ಟರು. ಅವರು ಮೊದಲು ವೇಳಾಪಟ್ಟಿ ಬರೆದರು, ಆಮೇಲೆ ಅದಕ್ಕೆ ಬೇಕಾದಲ್ಲಿ ಹಳಿ, ಸುರಂಗ ಕಟ್ಟಿದರು. ನಾವು ಮೊದಲು ಕಟ್ಟುತ್ತೇವೆ, ಆಮೇಲೆ ವೇಳೆ ಹೊಂದಿಸಲು ಒದ್ದಾಡುತ್ತೇವೆ. ಅವರದು ಸಣ್ಣ, ಸಿರಿವಂತ ದೇಶ, ನಮಗೆ ಹಾಗೆಯೇ ಹೊಂದುವುದಿಲ್ಲ ಎನ್ನುವುದು ನಿಜ. ಆದರೆ ಒಂದು ಜಿಲ್ಲೆಯಲ್ಲಿ ಮಾಡಿ ನೋಡಲು ಸಿರಿತನ ಬೇಕಿಲ್ಲ.

ಹಾಗಾದರೆ ಈಗ ರಾಷ್ಟ್ರೀಯ ಸಾರಿಗೆ ನೀತಿ ಎನ್ನುವುದಕ್ಕೆ ಕಾನೂನಿನಲ್ಲಿ ಜಾಗ ಇದೆಯಾ?

ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 66ಎ ಎಂಬ ಕಲಂ ಸೇರಿಸಿದರು. ಕೇಂದ್ರ ಸರ್ಕಾರ ರಾಷ್ಟ್ರೀಯ ಸಾರಿಗೆ ನೀತಿಯನ್ನು ರೂಪಿಸಬಹುದು ಎಂದು ಅದು ಹೇಳುತ್ತದೆ. 'ರೂಪಿಸಬಹುದು' ಎಂದಿದೆ, 'ರೂಪಿಸಲೇಬೇಕು' ಎಂದಿಲ್ಲ. ದಂಡದ ಮೊತ್ತ ಏರಿದ್ದರ ಬಗ್ಗೆ ಆಗ ಎಲ್ಲ ಕಡೆ ಚರ್ಚೆಯಾಯಿತು. ಈ ಕಲಂ ಸದ್ದಿಲ್ಲದೆ ಬಂದು ಕೂತಿತು.

ನನ್ನಂಥ ಸಾಮಾನ್ಯ ಪ್ರಯಾಣಿಕರು ಏನು ಮಾಡಬಹುದು?

ದೊಡ್ಡ ನೀತಿಗೆ ಕಾಯಬೇಕಾಗಿಲ್ಲ. ಸಣ್ಣ ಜೋಡಣೆಗಳನ್ನು ಕೇಳಿ ಪಡೆಯಬಹುದು. ಪ್ರತಿ ರೈಲ್ವೆ ವಿಭಾಗಕ್ಕೂ ಪ್ರಯಾಣಿಕರ ಸಲಹಾ ಸಮಿತಿ ಇದೆ. ಬಸ್ಸಿನ ವಿಷಯಕ್ಕೆ ನಿಮ್ಮ ಡಿಪೋ ಮ್ಯಾನೇಜರ್, ಅವರ ಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿ. ಸುಮ್ನೆ 'ಬಸ್ಸು ಸರಿಯಿಲ್ಲ' ಎಂದು ಬರೆದರೆ ಪ್ರಯೋಜನ ಇಲ್ಲ. ರೈಲಿನ ನಂಬರು, ಬರುವ ವೇಳೆ, ಇಳಿಯುವ ಜನ ಎಷ್ಟು, ಬಸ್ಸು ಎಷ್ಟು ನಿಮಿಷ ತಡವಾಗಿ ಬಿಡಬೇಕು ಎಂದು ಬರೆಯಿರಿ.

ನಾವು ಹಾಗೇ ಮಾಡಿದೆವು. ಹತ್ತು ದಿನ ಬೆಳಗ್ಗೆ ನಿಲ್ದಾಣದಲ್ಲಿ ನಿಂತು ಇಳಿದವರನ್ನು ಎಣಿಸಿದೆವು. ನೋಟ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ ಮಾಡಿ, ಊರಿನ ನಲವತ್ತು ಮಂದಿಯ ಸಹಿ ಹಾಕಿಸಿ ಕೊಟ್ಟೆವು. ಡಿಪೋದವರು ಪಟ್ಟಿ ನೋಡಿ ಒಂದೇ ಮಾತು ಕೇಳಿದರು: "ಇಷ್ಟು ಜನ ಇಳೀತಾರಾ? ನಮಗೆ ಯಾರೂ ಹೇಳಿರಲೇ ಇಲ್ಲ." ಮೂರು ವಾರ ಕಳೆದ ಮೇಲೆ 5:45ರ ಬಸ್ಸು 6:10ಕ್ಕೆ ಹೊರಡಲು ಶುರುವಾಯಿತು. ಅಮ್ಮನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಮರುವರ್ಷ ರೈಲಿನ ಹೊಸ ವೇಳಾಪಟ್ಟಿ ಬಂತು. ರೈಲು ಅರ್ಧ ಗಂಟೆ ತಡವಾಗಿ ಬರತೊಡಗಿತು, ಡಿಪೋಗೆ ಯಾರೂ ತಿಳಿಸಲಿಲ್ಲ. ಇನ್ನೊಂದು ನೋಟ್‌ಬುಕ್ ತಗೊಂಡು ಮತ್ತೆ ಎಣಿಸಲು ಕೂತಿದ್ದೇವೆ.